ತೇವ, ಬೂದಿ, ದೂರ: ಹತ್ತಿ ಕಟ್ಟಿಗೆ, ಭತ್ತದ ಹೊಟ್ಟು, ಪುಂಡಿ ನಾರಿನ ಲೆಕ್ಕ

ಫೆಬ್ರುವರಿ ಹೊತ್ತಿಗೆ ರಾಯಚೂರು, ಮಾನ್ವಿ, ದೇವದುರ್ಗದ ಕಡೆ ಹತ್ತಿ ಬಿಡಿಸುವುದು ಮುಗಿದು ಹೊಲದಲ್ಲಿ ಬರೀ ಕಟ್ಟಿಗೆ ನಿಂತಿರುತ್ತದೆ. ಸ್ವಲ್ಪ ಒಲೆಗೆ ಹೋಗುತ್ತದೆ, ಸ್ವಲ್ಪ ಬ್ರಿಕೆಟ್ (ಒತ್ತಿ ಮಾಡಿದ ಉರುವಲು ಇಟ್ಟಿಗೆ) ಮಾಡುವವರ ಟ್ರಾಲಿಗೆ, ಉಳಿದದ್ದಕ್ಕೆ ಬದುವಿನ ಪಕ್ಕ ಬೆಂಕಿ. ಇತ್ತ ಸಿಂಧನೂರು, ಕಾರಟಗಿ, ಗಂಗಾವತಿ, ಸಿರುಗುಪ್ಪದ ರೈಸ್ ಮಿಲ್ಲುಗಳ ಹಿಂದೆ ಹೊಟ್ಟಿನ ಗುಡ್ಡ, ಅದರ ಬಗಲಿಗೆ ಕಪ್ಪು ಬೂದಿಯ ಗುಡ್ಡ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಜೈವಿಕ ತಯಾರಿಕೆಗೆ ಒತ್ತು ಕೊಡುವ ಬಯೋಇ3 ನೀತಿಗೆ ಒಪ್ಪಿಗೆ ಕೊಟ್ಟ ಮೇಲೆ 'ಜೈವಿಕ ಆರ್ಥಿಕತೆ' ಎಂಬ ಮಾತು ಹೆಚ್ಚೇ ಕಿವಿಗೆ ಬೀಳುತ್ತಿದೆ. ಹಾಗೆ ಮಾತಾಡುವವರು ಲಕ್ಷಾಂತರ ಟನ್ ಎನ್ನುತ್ತಾರೆ. ಆ ಟನ್ನು ಯಾವ ಗೇಟಿಗೆ, ಯಾವ ತಿಂಗಳಲ್ಲಿ, ಎಷ್ಟು ತೇವದಲ್ಲಿ ಬಂದು ನಿಲ್ಲುತ್ತದೆ ಎಂದು ಕೇಳಿದರೆ ಉತ್ತರವಿಲ್ಲ. ಸಸ್ಯದಿಂದ ಸಾಮಗ್ರಿ ಮಾಡುವ ಯಾವ ಕಾರ್ಖಾನೆಯೂ ಯಂತ್ರದಿಂದ ಶುರುವಾಗುವುದಿಲ್ಲ. ಮೂರು ಅಂಕಿಗಳಿಂದ ಶುರುವಾಗುತ್ತದೆ: ತೇವ ಎಷ್ಟು, ಬೂದಿ ಎಷ್ಟು, ದೂರ ಎಷ್ಟು.

ಮೊದಲು ತೇವ, ಏಕೆಂದರೆ ಜಗಳ ಹುಟ್ಟುವುದೇ ಅಲ್ಲಿ. ಉರುವಲು ವ್ಯಾಪಾರದವರು ನೀರಿನ ತೂಕವನ್ನು ಹಸಿ ತೂಕದಿಂದ ಭಾಗಿಸುತ್ತಾರೆ, ಕಟ್ಟಿಗೆ ಚೂರಿಗೆ ಅಂಟು ಹಾಕಿ ಒತ್ತಿ ಹಲಗೆ (ಪಾರ್ಟಿಕಲ್ ಬೋರ್ಡ್) ಮಾಡುವವರು ಒಣ ತೂಕದಿಂದ. 100 ಕೆಜಿ ಕಟ್ಟಿಗೆಯಲ್ಲಿ 20 ಕೆಜಿ ನೀರಿದ್ದರೆ ಮೊದಲನೆಯವರಿಗೆ ಅದು ಶೇ 20, ಎರಡನೆಯವರಿಗೆ ಶೇ 25. ಕರಾರು ಪತ್ರದಲ್ಲಿ ಯಾವ ಲೆಕ್ಕ ಎಂದು ಬರೆಯದಿದ್ದರೆ ಮೊದಲ ಹತ್ತು ಲೋಡಿನಲ್ಲೇ ತೂಕದ ಕಟ್ಟೆ ಮುಂದೆ ಕೂಗಾಟ. ಪರೀಕ್ಷೆಗೆ ದೊಡ್ಡ ಉಪಕರಣ ಬೇಡ. ಲೋಡಿನ ಮೇಲೆ, ನಡುವೆ, ತಳದಲ್ಲಿ ತೆಗೆದದ್ದನ್ನು ಕತ್ತರಿಸಿ ಕಲಸಿ 100 ಗ್ರಾಂ ತೂಗಿ, 105 ಡಿಗ್ರಿ ಓವನ್ನಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಟ್ಟರೆ ಆಯಿತು. ಮೇಲಿನ ಕಟ್ಟು ಮಾತ್ರ ತೆಗೆದು ನೋಡುವುದು ತಪ್ಪು. ಮೇಲಿನದು ಯಾವಾಗಲೂ ಒಣಗಿಯೇ ಇರುತ್ತದೆ.

ಈ ವಿಷಯದಲ್ಲಿ ನಮ್ಮ ಸೀಮೆಗೆ ಬೇರೆಯವರಿಗಿಲ್ಲದ ಅನುಕೂಲವಿದೆ, ಅದನ್ನು ಯಾರೂ ಬಂಡವಾಳವೆಂದು ಎಣಿಸುವುದಿಲ್ಲ. ಕಿತ್ತಾಗ ಹತ್ತಿ ಕಟ್ಟಿಗೆಯಲ್ಲಿ ಹತ್ತಿರ ಹತ್ತಿರ ಅರ್ಧ ತೂಕ ನೀರು. ಹಲಗೆ ಕಾರ್ಖಾನೆಯಲ್ಲಿ ಹೆಚ್ಚು ಶಾಖ ತಿನ್ನುವುದು ಒಣಗಿಸುವ ಡ್ರೈಯರ್. ಇಲ್ಲಿ ಕಟ್ಟಿಗೆ ಕೀಳುವ ಕಾಲವೇ ಬೇಸಿಗೆಯ ಬಾಗಿಲು. ಸಾಲಿನಲ್ಲಿ ತೆಳ್ಳಗೆ ಹರವಿದರೆ ಎರಡು ವಾರದಲ್ಲಿ ಶೇ 15ರ ಆಸುಪಾಸಿಗೆ ಇಳಿಯುತ್ತದೆ, ಒಂದು ರೂಪಾಯಿ ಉರುವಲಿಲ್ಲದೆ. ಆದರೆ ಪೂರ್ತಿ ಒಣಗುವತನಕ ಕಾದು ಚಿಪ್, ಅಂದರೆ ಸಣ್ಣ ಚೂರು, ಮಾಡಬಾರದು. ಗರಿಗರಿಯಾದ ಕಟ್ಟಿಗೆ ಚಿಪ್ಪರ್‌ನಲ್ಲಿ ಪುಡಿಪುಡಿಯಾಗುತ್ತದೆ, ಪುಡಿ ಅಂಟನ್ನು ಹೀರಿ ಹಲಗೆಯ ಬಲ ತಗ್ಗಿಸುತ್ತದೆ. ಶೇ 20ರಿಂದ 25 ತೇವ ಇರುವಾಗ ಹೊಲದಲ್ಲೇ 1.5ರಿಂದ 2 ಸೆಂಟಿಮೀಟರ್ ಚಿಪ್ಪು ಮಾಡಿ, ಚಿಪ್ಪನ್ನು ಕಣದಲ್ಲಿ ಒಣಗಿಸುವುದು ಸರಿಯಾದ ಕ್ರಮ.

ಹೊಲದಲ್ಲೇ ಚಿಪ್ ಮಾಡಲು ಇನ್ನೊಂದು ಕಾರಣ ದೂರ. ಬಿಡಿ ಕಟ್ಟಿಗೆ ಟ್ರಾಲಿ ತುಂಬ ಹೇರಿದರೂ ಒಂದು ಟನ್ ತಲುಪುವುದು ಕಷ್ಟ, ಅರ್ಧಕ್ಕರ್ಧ ಗಾಳಿಯನ್ನೇ ಹೊತ್ತು ಹೋಗುತ್ತೀರಿ. ಅದೇ ಟ್ರಾಲಿಗೆ ಜಾಲರಿ ಕಟ್ಟಿ ಚಿಪ್ಪು ತುಂಬಿದರೆ ತೂಕ ಎರಡು ಪಟ್ಟಿನಷ್ಟಾಗುತ್ತದೆ. ಡೀಸೆಲ್ ಎರಡಕ್ಕೂ ಒಂದೇ. ಹಾಗಾಗಿ ಬಿಡಿ ಕಟ್ಟಿಗೆ ತರಿಸುವ ಘಟಕ 15-20 ಕಿಲೋಮೀಟರ್ ದಾಟಬಾರದು. ಚಿಪ್ಪಾದರೆ 40ರವರೆಗೆ ಹೋಗಬಹುದು.

ಮೂರನೆಯ ಕಾರಣ ಗುಲಾಬಿ ಕಾಯಿಕೊರಕ. ಒಡೆಯದೆ ಉಳಿದ ಕಾಯಿಗಳೊಳಗೆ ಮರಿಹುಳು ನಿದ್ದೆಯಲ್ಲಿ ಕೂತಿರುತ್ತದೆ. ಕಟ್ಟಿಗೆಯನ್ನು ಬದುವಿಗೆ ಒಟ್ಟಿದರೆ ಮುಂದಿನ ಮುಂಗಾರಿಗೆ ಪತಂಗ ಅಲ್ಲಿಂದಲೇ ಏಳುತ್ತದೆ. ಚಿಪ್ಪರ್ ಆ ಕಾಯಿಯನ್ನೂ ಹುಳುವನ್ನೂ ಒಟ್ಟಿಗೆ ಅರೆದುಬಿಡುತ್ತದೆ. ಬಿಡಿ ಕಟ್ಟಿಗೆಯನ್ನೇ ತಂದು ಕಾರ್ಖಾನೆ ಅಂಗಳದಲ್ಲಿ ನಾಲ್ಕು ತಿಂಗಳು ಒಟ್ಟಿಟ್ಟರೆ, ಸುತ್ತಲ ಹಳ್ಳಿಗಳಿಗೆಲ್ಲ ಕೀಟದ ತವರುಮನೆ ಅದೇ ಆದೀತು. ಅಂಗಳದಲ್ಲಿ ಹೆಣ್ಣಿನ ವಾಸನೆ ತೋರಿಸಿ ಗಂಡು ಪತಂಗ ಹಿಡಿಯುವ ಮೋಹಕ ಬಲೆಗಳನ್ನು ತೂಗುಹಾಕುವುದು ಕಡ್ಡಾಯ ಎಂದೇ ತಿಳಿಯಬೇಕು.

ಬೂದಿಯ ಮಾತು ಎರೆ ಭೂಮಿಯ ಮಾತು. ರೈತನಿಗೆ ಬೇರು ಸಮೇತ ಕಿತ್ತರೆ ಹೊಲ ಹಸನಾಗುತ್ತದೆ. ಕಾರ್ಖಾನೆಗೆ ಆ ಬೇರೇ ಶತ್ರು, ಏಕೆಂದರೆ ಅದಕ್ಕೆ ಮೆತ್ತಿದ ಎರೆಮಣ್ಣು ಒಣಗಿ ಕಲ್ಲಾಗಿ ಚಿಪ್ಪರ್ ಬ್ಲೇಡನ್ನು ತಿನ್ನುತ್ತದೆ. ಚೊಕ್ಕ ಹತ್ತಿ ಕಟ್ಟಿಗೆ ಸುಟ್ಟರೆ ಬೂದಿ ಶೇ 4ರಿಂದ 6. ಶೇ 8 ದಾಟಿತೆಂದರೆ ನೀವು ಕಟ್ಟಿಗೆ ದರಕ್ಕೆ ಮಣ್ಣು ಕೊಳ್ಳುತ್ತಿದ್ದೀರಿ. ಇಬ್ಬರಿಗೂ ಒಪ್ಪಿಗೆಯಾಗುವ ದಾರಿ: ಚಿಮಟದಂತಹ ಕೀಳುಗೋಲಿನಿಂದ ಬೇರು ಸಮೇತ ಕಿತ್ತು, ಎರಡು ದಿನ ಒಣಗಿಸಿ ಮಣ್ಣು ಕೊಡವಿ, ಬುಡದ ನಾಲ್ಕು ಬೆರಳು ಕತ್ತರಿಸಿ ಹೊಲದಲ್ಲೇ ಬಿಡುವುದು. ಕತ್ತರಿಸುವ ಕೂಲಿ ಬ್ಲೇಡಿನ ಖರ್ಚಿಗಿಂತ ಅಗ್ಗ.

ಹತ್ತಿ ಕಟ್ಟಿಗೆಯಿಂದ ಪಾರ್ಟಿಕಲ್ ಬೋರ್ಡ್ ಮಾಡುವುದು ಹೊಸ ಸಂಗತಿಯೇನಲ್ಲ. ಮುಂಬೈಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿರ್ಕಾಟ್ ಅದರ ವಿಧಾನವನ್ನು ದಶಕಗಳ ಹಿಂದೆಯೇ ರೂಪಿಸಿದೆ. ಮರದ ಮತ್ತು ಇತರ ಸಸ್ಯ ಮೂಲದ ಹಲಗೆಗಳಿಗೆ ಐಎಸ್ 3087 ಎಂಬ ಭಾರತೀಯ ಮಾನಕವೂ ಇದೆ. ಕೊಳ್ಳುವವರು ಕೇಳುವುದು ಅದನ್ನೇ. ಲೆಕ್ಕ ಹೀಗೆ ಬರುತ್ತದೆ. ನಾಲ್ಕಡಿ ಎಂಟಡಿಯ 18 ಮಿಲಿಮೀಟರ್ ಹಲಗೆ, ಘನಮೀಟರಿಗೆ 650 ಕೆಜಿ ಸಾಂದ್ರತೆ ಎಂದರೆ 35 ಕೆಜಿ ತೂಗುತ್ತದೆ. ಅದರಲ್ಲಿ ಒಣ ಕಟ್ಟಿಗೆ ಸುಮಾರು 30 ಕೆಜಿ, ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿನ ಘನಾಂಶ 2.7 ಕೆಜಿ, ಮೇಣ ಒಂದು ಹಿಡಿ, ಉಳಿದದ್ದು ತೇವ. ದೂಳು, ಸಿಪ್ಪೆ, ಅಂಚು ಕತ್ತರಿಸಿದ್ದು ಎಲ್ಲ ಸೇರಿ ಐದನೇ ಒಂದು ಪಾಲು ಹೋಗುವುದರಿಂದ, ಕಟ್ಟಿಗೆಯಲ್ಲಿ ಉಳಿದ ಶೇ 15ರಷ್ಟು ತೇವವನ್ನೂ ಸೇರಿಸಿದರೆ, ಒಂದು ಹಲಗೆಗೆ ಬೇಕಾಗುವುದು 45 ಕೆಜಿ ಕಟ್ಟಿಗೆ. ದಿನಕ್ಕೆ 200 ಹಲಗೆ ಎಂದರೆ 9 ಟನ್, ವರ್ಷಕ್ಕೆ 300 ದಿನ ಓಡಿದರೆ 2,700 ಟನ್. ಎಕರೆಗೆ ಒಂದು ಟನ್ ಹಿಡಿದರೆ 2,700 ಎಕರೆ ಹತ್ತಿ. ರಾಯಚೂರು ಜಿಲ್ಲೆಯಲ್ಲಿ ಕೆಲವೇ ಹಳ್ಳಿಗಳ ಸೀಮೆಯಲ್ಲಿ ಇಷ್ಟು ಸಿಗುತ್ತದೆ. ಸಣ್ಣದೇ ಕಾರ್ಖಾನೆ ಸಾಕು ಎನ್ನುವುದು ಇದಕ್ಕೇ. ಹತ್ತು ಪಟ್ಟು ದೊಡ್ಡದು ಕಟ್ಟಿದರೆ ಸಾಗಾಣಿಕೆಯೇ ಅದನ್ನು ನುಂಗುತ್ತದೆ.

ಎರಡೂವರೆ ಮೂರು ತಿಂಗಳಲ್ಲಿ ಬರುವ ಮಾಲನ್ನು ವರ್ಷವಿಡೀ ಇಟ್ಟುಕೊಳ್ಳಬೇಕು ಎಂಬುದನ್ನು ಮಾತ್ರ ಮರೆಯಬಾರದು. 2,700 ಟನ್ ಚಿಪ್ಪಿಗೆ ಹದಿನೈದು ಸಾವಿರ ಘನಮೀಟರ್‌ಗೂ ಹೆಚ್ಚು ಜಾಗ. ನೆಲ ಎತ್ತರಿಸಿ ಮುರಂ ಹಾಸಬೇಕು, ರಾಶಿಗಳ ನಡುವೆ ನೀರಿನ ಟ್ಯಾಂಕರ್ ಓಡುವಷ್ಟು ದಾರಿ ಬಿಡಬೇಕು, ಜೂನ್ ಮೊದಲ ವಾರದೊಳಗೆ ಹೊದಿಕೆ ಬೀಳಬೇಕು. ಒದ್ದೆಯಾದ ರಾಶಿ ಒಳಗಿಂದೊಳಗೆ ಬಿಸಿಯೇರಿ ಕಪ್ಪಾಗುತ್ತದೆ.

ಯಂತ್ರದ ಕಡೆ: ಚಿಪ್ಪನ್ನು ಹ್ಯಾಮರ್ ಮಿಲ್ಲಿನಲ್ಲಿ ಒಡೆದು, ಜರಡಿಯಲ್ಲಿ ದಪ್ಪ ಮತ್ತು ಸಣ್ಣ ಎಂದು ಬೇರ್ಪಡಿಸುವುದು. ಸಣ್ಣದು ಹಲಗೆಯ ಎರಡು ಮುಖಕ್ಕೆ, ದಪ್ಪದ್ದು ಹೊಟ್ಟೆಗೆ. ಕಾಯಿಯ ತೊಟ್ಟಿಗೆ ಅಂಟಿಕೊಂಡ ಹತ್ತಿ ಎಳೆ ಜರಡಿಯ ಕಣ್ಣು ಮುಚ್ಚುತ್ತದೆ, ಪಾಳಿಗೊಮ್ಮೆ ಬ್ರಷ್ ಹಾಕಲೇಬೇಕು. ಅಂಟು ಸಿಂಪಡಿಸುವ ಮುನ್ನ ಕಣಗಳು ಶೇ 3-4 ತೇವಕ್ಕೆ ಇಳಿದಿರಬೇಕು, ಅಂಟಿನ ನೀರು ಸೇರಿ ಮುಖದ ಪದರ ಶೇ 10-12, ಹೊಟ್ಟೆಯ ಪದರ ಶೇ 6-8ಕ್ಕೆ ನಿಲ್ಲುತ್ತದೆ. ಬಿಸಿಲಿನಿಂದ ಬಂದ ಶೇ 10-15ರ ಚಿಪ್ಪನ್ನು ಇಲ್ಲಿಗೆ ಇಳಿಸಲು ಸಣ್ಣ ಡ್ರೈಯರ್ ಸಾಕು. ಅದಕ್ಕೆ ಉರುವಲು ಆ ಐದನೇ ಒಂದು ಪಾಲು ದೂಳೇ.

ಒತ್ತುವುದು 160-170 ಡಿಗ್ರಿಯಲ್ಲಿ, ಚದರ ಸೆಂಟಿಮೀಟರಿಗೆ 25 ಕೆಜಿ. ನಾಲ್ಕಡಿ ಎಂಟಡಿಗೆ ಅದು 745 ಟನ್ ಬಲ, ಅಂದರೆ 800 ಟನ್ ಪ್ರೆಸ್ಸು. ಮಿಲಿಮೀಟರಿಗೆ 20 ಸೆಕೆಂಡ್ ಹಿಡಿದರೆ 18 ಮಿಲಿಮೀಟರಿಗೆ 6 ನಿಮಿಷ, ತುಂಬಿ ತೆಗೆಯುವುದು ಸೇರಿ 9. ಒಮ್ಮೆಗೆ ಮೂರು ಹಲಗೆ ಹಿಡಿಯುವ ಪ್ರೆಸ್ ಇದ್ದರೆ ಗಂಟೆಗೆ 20, ಹತ್ತು ತಾಸಿಗೆ 200.

ಪ್ರೆಸ್ ತೆರೆಯುವಾಗ ಪಟಾಕಿಯಂತೆ ಸದ್ದಾಗಿ ಹಲಗೆ ನಡುವೆ ಸೀಳಿತೆಂದರೆ ಒಳಗೆ ಹಬೆ ಸಿಕ್ಕಿಬಿದ್ದಿದೆ. ಹೆಚ್ಚಿನವರು ಅಂಟು ಕಡಿಮೆಯಾಯಿತೆಂದು ಇನ್ನಷ್ಟು ಅಂಟು ಹಾಕುತ್ತಾರೆ. ಅಂಟಿನ ಜತೆ ನೀರೂ ಹೋಗುವುದರಿಂದ ಸೀಳು ಇನ್ನೂ ಹೆಚ್ಚುತ್ತದೆ. ಮಾಡಬೇಕಾದದ್ದು ಹೊಟ್ಟೆಯ ಪದರದ ತೇವ ಇಳಿಸುವುದು, ಕೊನೆಯ 40-60 ಸೆಕೆಂಡ್ ಒತ್ತಡವನ್ನು ಮೆಲ್ಲಗೆ ಬಿಡುವುದು. ಇನ್ನೊಂದು ತಪ್ಪು ನಮ್ಮ ಬೇಸಿಗೆಯದು. ಶೆಡ್ಡಿನೊಳಗೆ 42 ಡಿಗ್ರಿ ಇರುವಾಗ ಯೂರಿಯಾ ಅಂಟು ಬೇಗ ಗಟ್ಟಿಯಾಗುತ್ತದೆ, ಪ್ರತಿ 10 ಡಿಗ್ರಿಗೆ ಅದರ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಡಿಸೆಂಬರಿನಲ್ಲಿ ಅಂಟನ್ನು ಗಟ್ಟಿಯಾಗಿಸುವ ಅಮೋನಿಯಂ ಕ್ಲೋರೈಡ್ ಶೇ 1 ಹಾಕುತ್ತಿದ್ದವರು ಏಪ್ರಿಲ್‌ನಲ್ಲೂ ಅಷ್ಟೇ ಹಾಕಿದರೆ ಪ್ರೆಸ್ ಮುಚ್ಚುವ ಮುನ್ನವೇ ಅಂಟು ಹಿಡಿದು, ಹಲಗೆಯ ಮುಖ ಉದುರುದುರಾಗುತ್ತದೆ. ಆಗ ಅರ್ಧಕ್ಕೆ ಇಳಿಸಿ, ಅಂಟಿನ ಟ್ಯಾಂಕನ್ನು ನೆರಳಿಗೆ ತಂದು, ಕಲಸುವುದನ್ನು ಸಣ್ಣ ಸಣ್ಣ ಪಾಕದಲ್ಲಿ ಮಾಡಬೇಕು. ಬಿಸಿ ಹಲಗೆಯನ್ನು ಒಂದರ ಮೇಲೊಂದು ಪೇರಿಸುವುದೂ ಬೇಡ. ಸಿಕ್ಕಿದ ಬಿಸಿಯಲ್ಲಿ ಈ ಅಂಟು ತಾನೇ ಒಡೆಯುತ್ತದೆ.

ಈ ಹಲಗೆಯನ್ನು 'ಪೂರ್ತಿ ಸಸ್ಯಮೂಲ' ಎಂದು ಮಾರುವುದು ಸುಳ್ಳು. ಅಂಟು ಯೂರಿಯಾ, ಮೆಥನಾಲ್‌ನಿಂದ ಬಂದದ್ದು, ಅದರ ಖರ್ಚು ಕಟ್ಟಿಗೆಯ ಖರ್ಚಿಗೆ ಸಮನಾಗಿ ನಿಲ್ಲುತ್ತದೆ, ಮನೆಯೊಳಗೆ ಫಾರ್ಮಾಲ್ಡಿಹೈಡ್ ಬಿಡುತ್ತದೆ. ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಪಾಲು ಇಳಿಸಿದಷ್ಟು ವಾಸನೆ ಕಡಿಮೆ, ಜತೆಗೆ ಬಲವೂ ಕಡಿಮೆ. ಅಡುಗೆಮನೆ ಸಿಂಕಿನ ಕೆಳಗೆ ಈ ಹಲಗೆ ಹಾಕಿಸಿಕೊಂಡವರು ಮೊದಲ ಮಳೆಗಾಲದಲ್ಲೇ ಅದು ಉಬ್ಬುವುದನ್ನು ನೋಡುತ್ತಾರೆ. ಶಾಲೆಯ ಡೆಸ್ಕು, ಕಪಾಟಿನ ಬೆನ್ನು, ಬಾಗಿಲ ಒಳತಿರುಳು ಅದರ ಸರಿಯಾದ ಜಾಗ.

ಇನ್ನೊಂದು ಮಾತು ಯೋಜನಾ ವರದಿಗಳಲ್ಲಿ ಕಾಣುವುದಿಲ್ಲ. ಕಟ್ಟಿಗೆ 'ತ್ಯಾಜ್ಯ' ಅಲ್ಲ. ಹೊಲವಿಲ್ಲದ ಮನೆಯ ಹೆಣ್ಣುಮಕ್ಕಳು ವರ್ಷದ ಉರುವಲನ್ನು ಇದರಿಂದಲೇ ಹೊತ್ತು ತರುತ್ತಾರೆ. ಬೆಲೆ ಬಂದ ದಿನ ಹೊಲದವನು ಅವರನ್ನು ಒಳಗೆ ಬಿಡುವುದಿಲ್ಲ. ಕೀಳುವ, ಕೊಡವುವ, ಚಿಪ್ ಮಾಡುವ ಕೂಲಿ ಆ ಮನೆಗಳಿಗೇ ಹೋಗುವಂತೆ ಕರಾರು ಬರೆಯದೆ ಇಳಿದವರಿಗೆ ಊರಿನಲ್ಲಿ ಕಟ್ಟಿಗೆಗಿಂತ ಮೊದಲು ವಿರೋಧ ಸಿಗುತ್ತದೆ. ಬ್ರಿಕೆಟ್‌ನವರ ಪೈಪೋಟಿಯೂ ಇದೆ. ಉಷ್ಣ ಸ್ಥಾವರಗಳು ಕಲ್ಲಿದ್ದಲ ಜತೆ ಶೇ 5 ಸಸ್ಯ ಗುಳಿಗೆ ಉರಿಸಬೇಕೆಂಬ ಕೇಂದ್ರದ ನೀತಿ 2021ರಲ್ಲಿ ಬಂತು, ಶಕ್ತಿನಗರ, ಯರಮರಸ್, ಕುಡತಿನಿ ಮೂರೂ ಕಡೆ ಕಲ್ಲಿದ್ದಲ ಸ್ಥಾವರಗಳಿವೆ. ಉರುವಲಿನ ಬೆಲೆಯೇ ಕಟ್ಟಿಗೆಯ ತಳಬೆಲೆ. ಅದಕ್ಕಿಂತ ಹೆಚ್ಚು ಕೊಡಲಾಗದ ಕಾರ್ಖಾನೆಗೆ ಮಾಲು ಬರುವುದಿಲ್ಲ.

ಭತ್ತದ ಹೊಟ್ಟಿನ ಕಥೆ ಬೇರೆ. ಅದು ಆಗಲೇ ಮಿಲ್ಲಿನ ಗೇಟಿನೊಳಗೆ ಸೇರಿದೆ, ಒಣಗಿದೆ. ಭತ್ತದ ತೂಕದಲ್ಲಿ ಐದನೇ ಒಂದು ಪಾಲು ಹೊಟ್ಟು, ಹೊಟ್ಟು ಸುಟ್ಟರೆ ಮತ್ತೆ ಸುಮಾರು ಐದನೇ ಒಂದು ಪಾಲು ಬೂದಿ, ಆ ಬೂದಿಯಲ್ಲಿ ಶೇ 85ಕ್ಕಿಂತ ಹೆಚ್ಚು ಸಿಲಿಕಾ. ನೂರು ಟನ್ ಭತ್ತಕ್ಕೆ ನಾಲ್ಕು ಟನ್ ಬೂದಿ. ಹೊಟ್ಟಿನಿಂದಲೇ ಹಲಗೆ ಮಾಡುತ್ತೇವೆ ಎಂದು ಬರುವವರಿಗೆ ಒಂದೇ ಉತ್ತರ: ಹೊಟ್ಟಿನ ಮೈಮೇಲೆ ಮೇಣ ಮತ್ತು ಸಿಲಿಕಾ ಪದರವಿದೆ, ಯೂರಿಯಾ ಅಂಟು ಅದನ್ನು ಹಿಡಿಯುವುದಿಲ್ಲ, ಐಸೊಸೈನೇಟ್ ಅಂಟು ಹಿಡಿಯುತ್ತದೆ, ಆದರೆ ಅದು ದುಬಾರಿ, ಪ್ರೆಸ್ಸಿನ ತಟ್ಟೆಗೂ ಹಿಡಿಯುತ್ತದೆ. ಘನಮೀಟರಿಗೆ ನೂರು ಕೆಜಿ ಚಿಲ್ಲರೆ ತೂಗುವ ಹೊಟ್ಟನ್ನು ದೂರ ಸಾಗಿಸುವುದೂ ದಡ್ಡತನ.

ನಮ್ಮಲ್ಲಿ ಹೆಚ್ಚು ಯೋಚಿಸಬೇಕಾದದ್ದು ಬೂದಿಯ ಬಗ್ಗೆ. ಕರಗಿದ ಉಕ್ಕಿನ ಮೇಲೆ, ಅದನ್ನು ಹೊರುವ, ಸುರಿಯುವ ಪಾತ್ರೆಗಳಾದ ಲ್ಯಾಡಲ್ ಮತ್ತು ಟಂಡಿಶ್‌ನಲ್ಲಿ, ಶಾಖ ಹೋಗದಂತೆ ಹೊದಿಸುವ ಪುಡಿಯಾಗಿ ಹೊಟ್ಟಿನ ಬೂದಿಯನ್ನು ಉಕ್ಕು ಕಾರ್ಖಾನೆಗಳು ಬಳಸುತ್ತವೆ. ಹಗುರ, ರಂಧ್ರಮಯ, ಕರಗುವುದು ತಡ. ಗಂಗಾವತಿ, ಕಾರಟಗಿಯ ಮಿಲ್ಲುಗಳಿಂದ ಉಕ್ಕು ಕಾರ್ಖಾನೆಯ ಊರು ತೋರಣಗಲ್ಲು ನೂರು ಕಿಲೋಮೀಟರಿನ ಆಚೀಚೆ. ಕೊಪ್ಪಳದ ಗಿಣಿಗೇರಿ ಇನ್ನೂ ಹತ್ತಿರ. ಹಾಗಾದರೆ ಮಿಲ್ಲಿನ ಹಿಂದಿನ ಆ ಕಪ್ಪು ಗುಡ್ಡ ಏಕೆ ಅಲ್ಲೇ ಬಿದ್ದಿದೆ? ಕಪ್ಪು ಬಣ್ಣವೇ ಉತ್ತರ. ಭತ್ತ ಬೇಯಿಸುವ ಹಳೆಯ ಬಾಯ್ಲರಿನಲ್ಲಿ ಹೊಟ್ಟು ಅರೆಬರೆ ಉರಿದು ಇಂಗಾಲ ಉಳಿಯುತ್ತದೆ. ಕಡಿಮೆ ಇಂಗಾಲದ ಉಕ್ಕಿಗೆ ಅದು ಸಲ್ಲದು. ಗಾಳಿ ಹೆಚ್ಚಿಸಿ, ಬೂದಿ ತಟ್ಟೆಯ ಮೇಲೆ ಹೆಚ್ಚು ಹೊತ್ತು ನಿಲ್ಲುವಂತೆ ಮಾಡಿ ಇಂಗಾಲವನ್ನು ಶೇ 5ರ ಕೆಳಗಿಳಿಸಿದರೆ ಬೂದಿ ಬೂದುಬಿಳಿಯಾಗುತ್ತದೆ. ಆದರೆ ಉರಿ 800 ಡಿಗ್ರಿ ದಾಟಿದಂತೆ ಸಿಲಿಕಾ ಸ್ಫಟಿಕ ರೂಪಕ್ಕೆ ತಿರುಗತೊಡಗುತ್ತದೆ. ಅದರ ದೂಳು ಶ್ವಾಸಕೋಶಕ್ಕೆ ವಿಷ, ಸಿಮೆಂಟಿನಲ್ಲೂ ಕೆಲಸಕ್ಕೆ ಬಾರದು. ಸಿಮೆಂಟಿಗೆ, ಸೋಡಿಯಂ ಸಿಲಿಕೇಟಿಗೆ ಬೇಕಾದದ್ದು 700ರ ಕೆಳಗೆ ಉರಿದ ಬೂದಿ. ಅದಕ್ಕೇ ಬೂದಿ ಮಾರುವ ಮುನ್ನ ಯಾರಿಗೆ ಎಂದು ತೀರ್ಮಾನಿಸಿ ಬಾಯ್ಲರ್ ಓಡಿಸಬೇಕು. ಉಕ್ಕಿನವರಿಗೆ ಪುಡಿಯಾಗಿ ಕೊಟ್ಟರೆ ಶೆಡ್ಡು ತುಂಬ ಹಾರುತ್ತದೆ, ಉಂಡೆ ಕಟ್ಟಿ ಒಣಗಿಸಿ ಕೊಡಬೇಕು. ಒದ್ದೆ ಬೂದಿ ಕರಗಿದ ಉಕ್ಕಿಗೆ ಬಿದ್ದರೆ ಸಿಡಿಯುತ್ತದೆ, ಇಲ್ಲಿ ತೇವದ ತಪ್ಪು ಜೀವಕ್ಕೇ ಬರುತ್ತದೆ. ಅಲ್ಯೂಮಿನಿಯಂ ಹಾಕಿ ಶುದ್ಧಗೊಳಿಸುವ ಉಕ್ಕಿಗಂತೂ ಸಿಲಿಕಾ ನೇರ ತಾಗಬಾರದು. ಅಲ್ಯೂಮಿನಿಯಂ ಸಿಲಿಕಾದಿಂದ ಆಮ್ಲಜನಕ ಕಿತ್ತುಕೊಂಡು ಅಲ್ಯೂಮಿನಾ ಕಲ್ಮಶ ಬಿಡುತ್ತದೆ. ಕೆಳಗೆ ಕ್ಷಾರೀಯ ಪುಡಿ, ಮೇಲೆ ಹೊಟ್ಟಿನ ಬೂದಿ ಎಂಬ ಎರಡು ಹೊದಿಕೆ ಅಲ್ಲಿನ ಪದ್ಧತಿ.

ಹೊಟ್ಟನ್ನು ಪುಡಿಮಾಡಿ ಪ್ಲಾಸ್ಟಿಕ್ ಆದ ಪಾಲಿಪ್ರೊಪಿಲೀನ್‌ಗೆ ಶೇ 30 ಬೆರೆಸಿ ಅಚ್ಚು ಹಾಕುವುದೂ ಆಗುವ ಕೆಲಸ. ಪುಡಿಯ ತೇವ ಶೇ 1-2ಕ್ಕೆ ಇಳಿಯಬೇಕು, ಅಚ್ಚು ಯಂತ್ರದ ಬ್ಯಾರೆಲ್ 200 ಡಿಗ್ರಿ ದಾಟಬಾರದು, ದಾಟಿದರೆ ಸುಟ್ಟ ವಾಸನೆ. ಸಿಲಿಕಾ ಸ್ಕ್ರೂ ತಿನ್ನುವುದರಿಂದ ಗಟ್ಟಿ ಲೇಪದ ಸ್ಕ್ರೂ ಬೇಕು. ಕೊಪ್ಪಳದ ಭಾನಾಪುರದಲ್ಲಿ ಆಟಿಕೆ ಕ್ಲಸ್ಟರ್ ಇದೆ, ಅಲ್ಲಿಂದ ಬಹುದೂರವಲ್ಲದ ಕಿನ್ನಾಳದಲ್ಲಿ ಗೋಣಿ ಚಿಂದಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಕಲಸಿದ ಕಿಟ್ಟದಿಂದ ಗೊಂಬೆಗಳ ಮೈ ತಿದ್ದುತ್ತ ಬಂದಿದ್ದಾರೆ. ನಾರು, ಪುಡಿ, ಅಂಟು: ಇವತ್ತು ಕಾಂಪೋಸಿಟ್ ಎನ್ನುವುದು ಅದನ್ನೇ.

ಆನೆಗೊಂದಿಯ ಬಾಳೆನಾರಿನ ಕಸುಬು ಮಹಿಳೆಯರ ಕೈಯಲ್ಲಿ ಚೆನ್ನಾಗಿ ನಡೆದಿದೆ, ಬುಟ್ಟಿ ಚೀಲಗಳಿಗೆ ಅದು ಸರಿ. ಕಾರ್ಖಾನೆಯ ಕಚ್ಚಾಮಾಲಾಗಿ ಅದನ್ನು ನೋಡಬೇಡಿ. ಒಂದು ಟನ್ ಹಸಿ ದಿಂಡಿಗೆ ಸಿಗುವುದು ಹತ್ತು ಕೆಜಿ ಆಸುಪಾಸು, ಉಳಿದದ್ದರಲ್ಲಿ ಬಹುಪಾಲು ನೀರು.

ಉದ್ದ ನಾರು ಬೇಕಾದರೆ ನಮ್ಮ ಉತ್ತರ ಪುಂಡಿ. ಜೋಳದ ರೊಟ್ಟಿ ಜತೆ ತಿನ್ನುವ ಪುಂಡಿಪಲ್ಯದ ಪುಂಡಿಯೇ. ನಾವು ಪುಂಡಿ ಎನ್ನುವುದರಲ್ಲಿ ಎರಡು ಅಕ್ಕತಂಗಿ ಗಿಡಗಳಿವೆ, ಹಿಬಿಸ್ಕಸ್ ಕ್ಯಾನಾಬಿನಸ್ ಮತ್ತು ಹಿಬಿಸ್ಕಸ್ ಸಬ್ದಾರಿಫಾ. ಮೊದಲನೆಯದನ್ನು ಜಗತ್ತು ಕೆನಾಫ್ ಎನ್ನುತ್ತದೆ, ನಾರಿನ ಪೇಟೆ ಎರಡನ್ನೂ ಮೆಸ್ತಾ ಎನ್ನುತ್ತದೆ. ಇದರ ನಾರನ್ನು ಪಾಲಿಪ್ರೊಪಿಲೀನ್ ಎಳೆಯ ಜತೆ ಅರ್ಧರ್ಧ ಸೇರಿಸಿ ಸೂಜಿಗಳಿಂದ ಚುಚ್ಚಿ ಹೆಣೆದು ಚಾಪೆ ಮಾಡಿ, 200 ಡಿಗ್ರಿಗೆ ಕಾಯಿಸಿ, ತಣ್ಣನೆಯ ಅಚ್ಚಿನಲ್ಲಿ ಒತ್ತಿದರೆ ಕಾರಿನ ಬಾಗಿಲ ಒಳಹಲಗೆ.

ಆದರೆ ಬದುವಿನ ಮೇಲೆ, ತೊಗರಿ ಸಾಲಿನ ಅಂಚಿಗೆ ಬೆಳೆಯುವ ಪುಂಡಿ ನಾರಿಗೆ ಆಗದು. ಬಿಡಿಯಾಗಿ ಬೆಳೆದ ಗಿಡ ಕವಲೊಡೆಯುತ್ತದೆ, ಕವಲಿದ್ದಲ್ಲೆಲ್ಲ ನಾರು ಹರಿಯುತ್ತದೆ. ಪಲ್ಯಕ್ಕೆ ಕುಡಿ ಚಿವುಟಿದರೂ ಅದೇ ಗತಿ. ನಾರಿನ ಹೊಲದಲ್ಲಿ ಸಾಲಿನಿಂದ ಸಾಲಿಗೆ ಒಂದಡಿ, ಗಿಡದಿಂದ ಗಿಡಕ್ಕೆ ಎರಡು ಮೂರು ಬೆರಳು ಇರಬೇಕು, ಆಗ ಸೂರ್ಯನಿಗಾಗಿ ನೆಟ್ಟಗೆ ಏಳುತ್ತದೆ. ದಟ್ಟಗೆ ಬಿತ್ತಿ ಮೂರು ವಾರಕ್ಕೆ ತೆಳುಮಾಡುವಾಗ ಕಿತ್ತ ಎಳೆ ಗಿಡಗಳೇ ಸಂತೆಯ ಪುಂಡಿಪಲ್ಯ. ಮೊದಲ ದುಡ್ಡು ಅಲ್ಲಿಂದಲೇ ಬರಲಿ.

ಬಿತ್ತುವ ಕಾಲ ತಪ್ಪಿದರೆ ಮತ್ತೇನೂ ನೆರವಾಗದು. ಹಗಲು ಗಿಡ್ಡವಾದಂತೆ ಹೂ ಬಿಡುವ ಗಿಡ ಇದು. ಜೂನ್ ಮೊದಲ ಮಳೆಗೆ ಬಿತ್ತಿದರೆ ಮೈ ಬೆಳೆದು ಆಳೆತ್ತರ ಮೀರಿ ಹೋಗುತ್ತದೆ. ಆಗಸ್ಟ್ ಕೊನೆಗೆ ಬಿತ್ತಿದ್ದು ಸೊಂಟದೆತ್ತರದಲ್ಲೇ ಹೂ ಹಿಡಿದು ನಿಲ್ಲುತ್ತದೆ. ಅರ್ಧ ಗಿಡ ಹೂವಾದಾಗ ಕೊಯ್ಲು. ತಡಮಾಡಿದರೆ ನಾರು ಒರಟು, ಅವಸರಪಟ್ಟರೆ ಇಳುವರಿ ಕಡಿಮೆ. ಎಕರೆಗೆ ಆರೆಂಟು ಕ್ವಿಂಟಲ್ ಒಣ ನಾರು ಒಳ್ಳೆಯ ಬೆಳೆ.

ನಾರು ಬಿಡಿಸಲು ಗಿಡವನ್ನು ನೀರಲ್ಲಿ ಕೊಳೆ ಹಾಕುವುದು ಕಾಲುವೆಯಲ್ಲಿ ಅಲ್ಲ. ಕೊಳೆಯುವ ಗಿಡ ನೀರಿನ ಆಮ್ಲಜನಕವನ್ನೆಲ್ಲ ಹೀರಿ ಮೀನು ಸಾಯಿಸುತ್ತದೆ, ಕೆಳಗಿನ ಊರು ಅದೇ ನೀರು ಕುಡಿಯುತ್ತದೆ. ಇಡೀ ಗಿಡ ಮುಳುಗಿಸಲು ತೂಕದ ಇಪ್ಪತ್ತು ಪಟ್ಟು ನೀರು ಬೇಕು, ಎಕರೆಯ 15 ಟನ್ ಹಸಿಗೆ 3 ಲಕ್ಷ ಲೀಟರ್. ಸಿಪ್ಪೆ ಸುಲಿದು ಅದನ್ನಷ್ಟೇ ಕೃಷಿ ಹೊಂಡದಲ್ಲಿ ಹಾಕಿದರೆ ನೀರು ಬಹಳ ಕಡಿಮೆ ಸಾಕು, ದಿನವೂ ಕಡಿಮೆ. ಇಡೀ ಗಿಡಕ್ಕೆ ಹತ್ತರಿಂದ ಹದಿನೈದು ದಿನ ಬೇಕು. ಹತ್ತನೇ ದಿನದಿಂದ ದಿನವೂ ಒಂದು ದಂಟು ತೆಗೆದು ನಡುವಿನಲ್ಲಿ ಹೆಬ್ಬೆರಳಿನಿಂದ ಜಾರಿಸಿ ನೋಡಬೇಕು. ನಾರು ಒಳಗಿನ ಕಡ್ಡಿ ಬಿಟ್ಟು ಜಾರಿತೆಂದರೆ ಅವತ್ತೇ ತೊಳೆಯಬೇಕು, ಎರಡು ದಿನ ಬಿಟ್ಟರೆ ಕೈಯಲ್ಲೇ ಹರಿಯುತ್ತದೆ. ಬುಡ ದಪ್ಪವಾದ್ದರಿಂದ ತಡವಾಗಿ ಕೊಳೆಯುತ್ತದೆ. ಅದಕ್ಕೆ ಕಟ್ಟುಗಳ ಬುಡವನ್ನಷ್ಟೇ ಮೊದಲು ಎರಡು ಮೂರು ದಿನ ನೀರಲ್ಲಿ ನಿಲ್ಲಿಸಿ, ಆಮೇಲೆ ಅಡ್ಡ ಮಲಗಿಸುವುದು. ಮುಳುಗಿಸಲು ಮೇಲೆ ಹೇರುವ ಭಾರ ಕಲ್ಲಾಗಿರಲಿ. ಎರೆಮಣ್ಣಿನ ಹೆಂಟೆಯೋ ಬಾಳೆ ದಿಂಡೋ ಹೇರಿದರೆ ನಾರು ಕಪ್ಪು ತಿರುಗುತ್ತದೆ, ಕಪ್ಪು ನಾರಿಗೆ ಪೇಟೆಯಲ್ಲಿ ದರ್ಜೆ ಇಳಿಯುತ್ತದೆ.